ವಾಚ್ ತೋರಿಸುವ 174 ನಿಜಕ್ಕೂ ನಾಡಿಯೇ?

ಪಕ್ಕದವರ ಜೊತೆ ಮಾತಾಡಿಕೊಂಡೇ ಹತ್ತು ಕಿಲೋಮೀಟರ್ ನಿಧಾನವಾಗಿ ಓಡಿ ಬಂದಿರುತ್ತೀರಿ. ಮೊಬೈಲಿನಲ್ಲಿ ಗ್ರಾಫ್ ತೆರೆದರೆ ಎರಡನೇ ನಿಮಿಷಕ್ಕೇ ಗೆರೆ 174ಕ್ಕೆ ಜಿಗಿದು ಕೊನೆಯವರೆಗೂ ಅಲ್ಲೇ ಸಪಾಟಾಗಿ ನಿಂತಿದೆ. ಐದನೇ ಝೋನ್ (ಶ್ರಮಕ್ಕೆ ತಕ್ಕಂತೆ ನಾಡಿಯನ್ನು ಭಾಗ ಮಾಡಿದ ಹಂತಗಳಲ್ಲಿ ಅತಿ ಕಠಿಣವಾದದ್ದು), ಮೂರು ದಿನ ವಿಶ್ರಾಂತಿ ಬೇಕು ಎಂದು ವಾಚ್ ಹೇಳುತ್ತದೆ. ಹೆದರುವ ಮೊದಲು ಅದೇ ಪುಟವನ್ನು ಇನ್ನಷ್ಟು ಕೆಳಗೆ ಸರಿಸಿ ಕೇಡೆನ್ಸ್, ಅಂದರೆ ನಿಮಿಷಕ್ಕೆ ಇಟ್ಟ ಹೆಜ್ಜೆಗಳ ಗೆರೆ ನೋಡಿ. ಅದೂ 172–176ರ ನಡುವೆಯೇ ಆಡುತ್ತಿದ್ದು, ಅದರ ಜೊತೆಜೊತೆಗೇ ನಾಡಿಯ ಗೆರೆಯೂ ಏರಿಳಿಯುತ್ತಿದ್ದರೆ ವಾಚ್ ಎಣಿಸಿದ್ದು ಹೃದಯವನ್ನಲ್ಲ, ಕಾಲನ್ನು.

ಮಣಿಕಟ್ಟಿನ ಸೆನ್ಸರ್ ಕೆಲಸ ಮಾಡುವುದು ಬೆಳಕಿನಿಂದ. ವಾಚಿನ ಬೆನ್ನಿನಲ್ಲಿರುವ ಹಸಿರು ದೀಪಗಳು ಚರ್ಮದೊಳಕ್ಕೆ ಬೆಳಕು ಹಾಯಿಸುತ್ತವೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ರಕ್ತನಾಳ ತುಸು ಉಬ್ಬಿದಾಗ ವಾಪಸ್ ಬರುವ ಬೆಳಕು ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ವಾಚ್ ಎಣಿಸುವುದು ಈ ಸಣ್ಣ ಇಳಿತಗಳನ್ನು. ಓಡುವಾಗ ಕೈ ಬೀಸಿದಂತೆಲ್ಲ ವಾಚ್ ಅಲುಗುತ್ತದೆ, ಒಳಗಿನ ರಕ್ತವೂ ತುಳುಕುತ್ತದೆ. ಈ ತುಳುಕಾಟದ ಅಲೆ ನಾಡಿಯ ಅಲೆಗಿಂತ ಎಷ್ಟೋ ದೊಡ್ಡದು, ಹೆಜ್ಜೆಯ ಲಯದಲ್ಲೇ ಬರುವಂಥದ್ದು. ವಾಚಿನೊಳಗೆ ಚಲನೆ ಗುರುತಿಸುವ ಇನ್ನೊಂದು ಸೆನ್ಸರ್ ಇರುತ್ತದೆ. ಅದರ ನೆರವಿನಿಂದ ಹೆಜ್ಜೆಯ ಅಲೆಯನ್ನು ಕಳೆಯಲು ವಾಚ್ ಯತ್ನಿಸುತ್ತದೆ. ನಾಡಿಯ ಅಲೆ ತೀರಾ ಮಂಕಾದಾಗ ಗುರುತು ತಪ್ಪಿ, ಗಟ್ಟಿಯಾಗಿ ಕೇಳುವ ತಾಳಕ್ಕೇ ಅಂಟಿಕೊಳ್ಳುತ್ತದೆ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗಿರುವುದರಿಂದ ಮೊದಲ ಹತ್ತು ನಿಮಿಷ ಈ ತಪ್ಪು ಹೆಚ್ಚು.

ಸರಿಪಡಿಸುವುದು ಕಷ್ಟವಲ್ಲ. ಮಣಿಕಟ್ಟಿನ ಮೂಳೆಯ ಉಬ್ಬಿನ ಮೇಲೆ ವಾಚ್ ಕೂರಬಾರದು. ಅಲ್ಲಿಂದ ಎರಡು ಬೆರಳು ಮೊಳಕೈ ಕಡೆಗೆ ಸರಿಸಿ. ದಿನವಿಡೀ ಇರುವುದಕ್ಕಿಂತ ಒಂದು ತೂತು ಬಿಗಿ ಇರಲಿ: ಚರ್ಮವನ್ನು ಹಿಡಿದು ಸರಿಸಿದರೆ ವಾಚೂ ಅದರ ಜೊತೆ ಸರಿಯಬೇಕು, ಬೆರಳು ಜುಮ್ಮೆನ್ನಬಾರದು. ಸೆನ್ಸರಿನ ಕೆಳಗೆ ಹಚ್ಚೆ ಬೇಡ, ಅದರ ಶಾಯಿ ಬೆಳಕನ್ನು ತಡೆಯುತ್ತದೆ. ಹೊರಡುವ ಮುಂಚೆ ಐದು ನಿಮಿಷ ಚುರುಕಾಗಿ ನಡೆದು ಕೈ ಬೆಚ್ಚಗಾಗಲಿ. ಅಂಕಿ ಓಟದ ನಡುವೆಯೇ ಅಂಟಿಕೊಂಡಿತೆಂದು ಅನುಮಾನ ಬಂದರೆ ಅರ್ಧ ನಿಮಿಷ ನಿಂತು, ಪಟ್ಟಿ ಬಿಗಿದು ಮತ್ತೆ ಹೊರಡಿ. ನಿಂತ ತಕ್ಷಣ ಕೊರಳಿನ ಪಕ್ಕ ಎರಡು ಬೆರಳಿಟ್ಟು 10 ಸೆಕೆಂಡ್ ಎಣಿಸಿ ಆರರಿಂದ ಗುಣಿಸಿದರೆ ನಿಜ ಗೊತ್ತಾಗುತ್ತದೆ. ಪೂರ್ತಿ ಒಂದು ನಿಮಿಷ ಎಣಿಸುತ್ತ ನಿಂತರೆ ಅಷ್ಟರಲ್ಲಿ ನಾಡಿಯೇ ಇಳಿದಿರುತ್ತದೆ.

ನಾಡಿ ನೋಡಿಯೇ ತರಬೇತಿ ಮಾಡುವ ಮನಸ್ಸಿದ್ದರೆ ಎದೆಪಟ್ಟಿ ಕೊಳ್ಳುವುದು ಒಳ್ಳೆಯದು. ಅದು ಬೆಳಕನ್ನಲ್ಲ, ಇಸಿಜಿಯ ಹಾಗೆ ಹೃದಯದ ವಿದ್ಯುತ್ತನ್ನು ಹಿಡಿಯುತ್ತದೆ. ಫಿನ್‌ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ತಂದ ಮೊದಲ ವೈರ್‌ಲೆಸ್ ನಾಡಿ ಮಾಪಕ ಕೂಡ ಎದೆಗೆ ಕಟ್ಟುವಂಥದ್ದೇ; ಓಟಕ್ಕೆ ಇಂದಿಗೂ ಅದನ್ನು ಮೀರಿಸಿದ ಜಾಗವಿಲ್ಲ. ಆದರೆ ಅದಕ್ಕೂ ತನ್ನದೇ ತಕರಾರುಗಳಿವೆ. ಪಟ್ಟಿಯ ಒಳಮೈಯಲ್ಲಿರುವ ಎರಡು ಎಲೆಕ್ಟ್ರೋಡ್‌ಗಳನ್ನು ನೀರಿನಲ್ಲಿ ನೆನೆಸದೆ ಕಟ್ಟಿದರೆ ಬೆವರು ಬರುವವರೆಗಿನ ಮೊದಲ ಐದಾರು ನಿಮಿಷ 60, 210 ಎಂದು ಅಂಕಿ ಕುಣಿಯುತ್ತದೆ. ಒಣ ಹವೆಯಲ್ಲಿ ಸಡಿಲವಾದ ಪಾಲಿಯೆಸ್ಟರ್ ಅಂಗಿ ಮೈಗೆ ಉಜ್ಜಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ತೂ ಇದನ್ನೇ ಮಾಡುತ್ತದೆ. ಎದೆಯ ಸ್ನಾಯುವಿನ ಕೆಳಗೆ, ಸೆನ್ಸರ್ ಎದೆಮೂಳೆಯ ನಡುವೆ ಬರುವಂತೆ, ಆಳವಾಗಿ ಉಸಿರೆಳೆದರೂ ಜಾರದಷ್ಟು ಬಿಗಿಯಾಗಿ ಕಟ್ಟಿ. ಓಟ ಮುಗಿದ ಮೇಲೆ ಗುಂಡಿಯಂತಿರುವ ಸೆನ್ಸರನ್ನು ಪಟ್ಟಿಯಿಂದ ಬಿಡಿಸಿಡಿ. ಒದ್ದೆ ಪಟ್ಟಿಗೆ ಹಾಗೇ ಸಿಕ್ಕಿಸಿಟ್ಟರೆ ಯಾರದೋ ಎದೆ ಸಿಕ್ಕಿತೆಂದುಕೊಂಡು ಅದು ರಾತ್ರಿಯಿಡೀ ಎಚ್ಚರವಿದ್ದು ಬ್ಯಾಟರಿ ತಿನ್ನುತ್ತದೆ. ಪಟ್ಟಿಯನ್ನು ಪ್ರತಿ ಸಲ ನೀರಿನಲ್ಲಿ ಜಾಲಿಸಿ, ವಾರಕ್ಕೊಮ್ಮೆ ಮೆದು ಸೋಪು ಹಾಕಿ ತೊಳೆದರೆ ಸಾಕು. ಉಪ್ಪು ಕಟ್ಟಿದ ಪಟ್ಟಿ ಅಂಕಿ ನುಂಗುತ್ತದೆ.

ಇಷ್ಟೆಲ್ಲ ಮಾಡಿ ನಾಡಿ ಸರಿಯಾಗಿ ಸಿಕ್ಕಿತು ಎಂದುಕೊಳ್ಳೋಣ. ಅದನ್ನು ಯಾವ ಝೋನಿಗೆ ಹಾಕಬೇಕೆಂದು ವಾಚಿಗೆ ಗೊತ್ತಿರುವುದಿಲ್ಲ. ಹೊಸ ವಾಚಿನಲ್ಲಿ ನಿಮ್ಮ ವಯಸ್ಸು ತುಂಬಿಸಿದ ತಕ್ಷಣ ಅದು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತ ಇಷ್ಟೆಂದು ಬರೆದುಕೊಂಡುಬಿಡುತ್ತದೆ. 1971ರಲ್ಲಿ ಬಂದ ಒಂದು ಲೇಖನದಿಂದ ಹರಡಿದ ಸೂತ್ರವಿದು. 2001ರಲ್ಲಿ ಬಂದ ಪರಿಷ್ಕೃತ ಸೂತ್ರ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುತ್ತದೆ. ನಲವತ್ತರ ವಯಸ್ಸಿಗೆ ಎರಡೂ 180 ಎನ್ನುತ್ತವೆ. ಅರವತ್ತಕ್ಕೆ ಮೊದಲನೆಯದು 160, ಎರಡನೆಯದು 166. ಎರಡೂ ಸರಾಸರಿಯ ಸೂತ್ರಗಳೇ. ಒಂದೇ ವಯಸ್ಸಿನ ಆರೋಗ್ಯವಂತರಲ್ಲೂ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ನಲವತ್ತರವರ ನಿಜವಾದ ಗರಿಷ್ಠ 194 ಇದ್ದು ವಾಚಿನಲ್ಲಿ 180 ಇದ್ದರೆ, 75 ಶೇಕಡಾ ಎಂಬ ಸುಲಭ ಓಟದ ಮಿತಿ 145ರ ಬದಲು 135 ಆಗುತ್ತದೆ. ಅವರು ಓಡಲಾರದೆ ನಡೆಯುತ್ತಾರೆ. ನಿಜವಾದ ಗರಿಷ್ಠ 168 ಇದ್ದವರ ಕಥೆ ಇದಕ್ಕಿಂತ ಕೆಟ್ಟದು: ಸುಲಭವೆಂದು ನಂಬಿಕೊಂಡು ದಿನಾ ಏದುಸಿರು ಬಿಡುತ್ತಾ ಓಡಿ ತಿಂಗಳೊಳಗೆ ಬಳಲುತ್ತಾರೆ.

ಸೂತ್ರ ಬಿಟ್ಟು ಅಳತೆ ಮಾಡಿ. ಹೆಚ್ಚು ಬಳಕೆಯಲ್ಲಿರುವುದು ಮೂವತ್ತು ನಿಮಿಷದ ಪರೀಕ್ಷೆ. ಚೆನ್ನಾಗಿ ನಿದ್ದೆಯಾದ, ಬಿಸಿಲಿಲ್ಲದ ಹೊತ್ತು ಆರಿಸಿ, ಎದೆಪಟ್ಟಿ ಕಟ್ಟಿ. ಹದಿನೈದು ನಿಮಿಷ ವಾರ್ಮ್-ಅಪ್, ಕೊನೆಯಲ್ಲಿ 20 ಸೆಕೆಂಡಿನ ಮೂರು ವೇಗದ ಓಟ. ನಂತರ ಸಮತಟ್ಟಾದ ಜಾಗದಲ್ಲಿ ಒಬ್ಬರೇ, 30 ನಿಮಿಷ ಒಂದೇ ಸಮನಾಗಿ ಕಾಪಾಡಿಕೊಳ್ಳಬಲ್ಲ ಅತಿ ಹೆಚ್ಚಿನ ವೇಗದಲ್ಲಿ ಓಡಿ. ಹತ್ತನೇ ನಿಮಿಷಕ್ಕೆ, ಅಲ್ಲಿಂದ ಮುಂದಿನ ಲೆಕ್ಕವನ್ನು ಬೇರೆಯಾಗಿ ಇಡುವ ಲ್ಯಾಪ್ ಗುಂಡಿ ಒತ್ತಿ. ಕೊನೆಯ 20 ನಿಮಿಷದ ಸರಾಸರಿ ನಾಡಿಯೇ ನಿಮ್ಮ ಥ್ರೆಶೋಲ್ಡ್ ಬಡಿತ, ಅಂದರೆ ದಾಟಿದರೆ ಬೇಗ ದಣಿಯುವ ಮಿತಿಯ ನಾಡಿ, ಎಂದಿಟ್ಟುಕೊಳ್ಳಬಹುದು. ಅದು 168 ಬಂದರೆ ಅದರ 85ರಿಂದ 89 ಶೇಕಡಾ, ಅಂದರೆ 143ರಿಂದ 149, ಎರಡನೇ ಝೋನ್. ನಿಮ್ಮ ವಾರದ ಬಹುಪಾಲು ಓಟ ಅದರಲ್ಲಿ ಅಥವಾ ಅದಕ್ಕೂ ಕೆಳಗೆ ಇರಬೇಕು. ಬಹುತೇಕರು ತಪ್ಪುವುದು ಈ ಪರೀಕ್ಷೆಯ ಮೊದಲ ಐದು ನಿಮಿಷದಲ್ಲಿ. ಜೋರಾಗಿ ಹೊರಟು ಹದಿನೈದಕ್ಕೆ ಸೊರಗಿದರೆ ಸರಾಸರಿಗೆ ಅರ್ಥವಿಲ್ಲ, ಮುಂದಿನ ವಾರ ಮತ್ತೆ ಮಾಡಿ. ಸೈಕಲಿಗೆ ಬೇರೆಯೇ ಪರೀಕ್ಷೆ ಬೇಕು. ಅಲ್ಲಿ ಅಂಕಿ ಸಾಮಾನ್ಯವಾಗಿ ಐದರಿಂದ ಹತ್ತು ಬಡಿತ ಕೆಳಗಿರುತ್ತದೆ. ಹೃದಯದ ತೊಂದರೆ ಇರುವವರು, ಬಹಳ ಕಾಲ ವ್ಯಾಯಾಮ ಬಿಟ್ಟಿದ್ದವರು ವೈದ್ಯರನ್ನು ಕಾಣದೆ ಇದನ್ನು ಮಾಡಬಾರದು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರ ನಾಡಿ ಅಷ್ಟಾಗಿ ಏರುವುದಿಲ್ಲ; ಅವರಿಗೆ ಯಾವ ಸೂತ್ರವೂ ಹೊಂದದು, ಮಾತಾಡಿಕೊಂಡು ಓಡಲು ಆಗುತ್ತದೆಯೇ ಎಂಬುದೇ ಅಳತೆಗೋಲು.

ಅಂಕಿ ತುಂಬಿಸುವಾಗ ಇನ್ನೊಂದು ಹಳ್ಳ ಇದೆ. ಝೋನ್‌ಗಳನ್ನು ಗರಿಷ್ಠದ ಶೇಕಡಾ, ಮೀಸಲು ಬಡಿತದ ಶೇಕಡಾ, ಥ್ರೆಶೋಲ್ಡಿನ ಶೇಕಡಾ ಎಂದು ಮೂರು ಬಗೆಯಲ್ಲಿ ವಾಚ್ ಕೇಳುತ್ತದೆ. ಮೀಸಲು ಅಂದರೆ ಗರಿಷ್ಠದಲ್ಲಿ ವಿಶ್ರಾಂತಿಯ ನಾಡಿ ಕಳೆದು ಉಳಿದದ್ದು. ಗರಿಷ್ಠ 186, ವಿಶ್ರಾಂತಿ 54 ಇರುವವರಿಗೆ ಗರಿಷ್ಠದ 70 ಶೇಕಡಾ ಎಂದರೆ 130. ಮೀಸಲಿನ 70 ಶೇಕಡಾ ಎಂದರೆ 132ರಲ್ಲಿ 70 ಭಾಗ, ಸುಮಾರು 92, ಅದಕ್ಕೆ 54 ಕೂಡಿಸಿ 146. ಒಂದೇ ಶೇಕಡಾ, ಹದಿನಾರು ಬಡಿತದ ಅಂತರ! ನಿಮ್ಮ ತರಬೇತಿ ಪಟ್ಟಿ ಯಾವ ಲೆಕ್ಕದಲ್ಲಿ ಬರೆದದ್ದೋ ವಾಚಿನಲ್ಲೂ ಅದೇ ಇರಲಿ. ಗರಿಷ್ಠವನ್ನು ವಾಚ್ ತಾನೇ ಬದಲಿಸಿಕೊಳ್ಳುವ ಆಯ್ಕೆಯನ್ನೂ ಆಫ್ ಮಾಡಿಬಿಡಿ. ಒಣ ಪಟ್ಟಿ ಎಂದೋ ಒಮ್ಮೆ ತೋರಿಸಿದ ಸುಳ್ಳು 205 ಎಲ್ಲ ಝೋನ್‌ಗಳನ್ನೂ ಮೇಲೆ ತಳ್ಳುತ್ತದೆ. ವಿಓ2 ಮ್ಯಾಕ್ಸ್, ಅಂದರೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಅಂದಾಜೂ ಈ ಗರಿಷ್ಠದ ಮೇಲೆಯೇ ನಿಂತಿರುವುದರಿಂದ, ರಾತ್ರೋರಾತ್ರಿ ನೀವು ದೊಡ್ಡ ಓಟಗಾರರಾದಂತೆ ಕಾಣುತ್ತದೆ.

ದೀರ್ಘ ಓಟದಲ್ಲಿ ವೇಗ ಬದಲಾಗದಿದ್ದರೂ ನಾಡಿ ಮೆಲ್ಲಗೆ ಏರುತ್ತದೆ. ಬೆವರು ಹರಿದು ರಕ್ತದ ನೀರಿನಂಶ ಇಳಿಯುತ್ತದೆ, ಮೈ ತಣಿಸಲು ರಕ್ತ ಚರ್ಮದ ಕಡೆ ಹೋಗುತ್ತದೆ, ಒಂದೊಂದು ಬಡಿತಕ್ಕೆ ಹೃದಯ ದೂಡುವ ರಕ್ತ ಕಡಿಮೆಯಾಗುತ್ತದೆ. ಕೊರತೆ ತುಂಬಲು ಬಡಿತ ಹೆಚ್ಚುತ್ತದೆ. ಇದನ್ನು ಅಳೆಯಬಹುದು. ಗಂಟೆಗೆ 10 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ 167 ಮೀಟರ್. ಮೊದಲರ್ಧದ ಸರಾಸರಿ ನಾಡಿ 140 ಇದ್ದರೆ ಬಡಿತಕ್ಕೆ 1.19 ಮೀಟರ್, ಎರಡನೇ ಅರ್ಧದಲ್ಲಿ 147 ಆದರೆ 1.14 ಮೀಟರ್. ಇಳಿತ ಐದು ಶೇಕಡಾಕ್ಕಿಂತ ತುಸು ಕಡಿಮೆ. ಐದರೊಳಗಿದ್ದರೆ ಆ ದೂರಕ್ಕೆ ನಿಮ್ಮ ಬುನಾದಿ ಸಾಕಷ್ಟಿದೆ ಎಂದು ಕೋಚ್‌ಗಳು ತಿಳಿಯುತ್ತಾರೆ. ಹತ್ತು ದಾಟಿದರೆ ಒಂದೋ ವೇಗ ಹೆಚ್ಚಾಗಿತ್ತು, ಇಲ್ಲ ಬಿಸಿಲಿತ್ತು, ಇಲ್ಲ ನೀರು ಸಾಲಲಿಲ್ಲ. ಏರುತಗ್ಗಿನ ದಾರಿಯಲ್ಲಿ ಈ ಲೆಕ್ಕ ಬೇಡ. ತರಬೇತಿಯ ದೀರ್ಘ ಓಟದಲ್ಲಿ ನಾಡಿಯ ಮಿತಿ ಹಿಡಿದು ವೇಗವನ್ನು ಇಳಿಯಲು ಬಿಡುವುದೇ ಸರಿಯೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಂಟರ್ವಲ್ ದಿನ, ಅಂದರೆ ಸ್ವಲ್ಪ ದೂರ ಜೋರಾಗಿ ಓಡಿ, ಸುಧಾರಿಸಿಕೊಂಡು ಮತ್ತೆ ಓಡುವ ದಿನ ಮಾತ್ರ ನಾಡಿಯನ್ನು ಮರೆತುಬಿಡಿ. ವೇಗ ಹೆಚ್ಚಿಸಿದ ಮೇಲೆ ಬಡಿತ ತನ್ನ ಮಟ್ಟ ತಲುಪಲು ಒಂದೆರಡು ನಿಮಿಷ ಬೇಕು. 400 ಮೀಟರ್ ಓಡುವವರು ಝೋನ್ ಬರಲಿಲ್ಲವೆಂದು ಇನ್ನೂ ಜೋರು ಮಾಡಿದರೆ ಅಂಕಿ ಏರುವ ಹೊತ್ತಿಗೆ ಸುತ್ತೇ ಮುಗಿದು, ಕಾಲೂ ಮುಗಿದಿರುತ್ತದೆ. ಅಲ್ಲಿ ಸಮಯ ನೋಡಿ.

ಆ ಸಮಯವನ್ನು ಭಾಗಿಸಲು ಬೇಕಾದ ದೂರ ಕೊಡುವುದು ಜಿಪಿಎಸ್. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕಿದರೆ ವಾಚ್ ನಿಮ್ಮ ಜಾಗ ಹೇಳುತ್ತದೆ. ಬಯಲಿನಲ್ಲೂ ಮೂರರಿಂದ ಐದು ಮೀಟರ್ ವ್ಯತ್ಯಾಸ ಸಹಜ. ಕಿಲೋಮೀಟರಿಗೆ ಐದು ನಿಮಿಷದ ಪೇಸ್‌ನಲ್ಲಿ ಸೆಕೆಂಡಿಗೆ ನೀವು ಸಾಗುವುದೇ 3.3 ಮೀಟರ್. ಹಾಗಾಗಿ ಪರದೆಯ ಮೇಲಿನ ಕ್ಷಣದ ಪೇಸ್ 4:40, 5:25 ಎಂದು ಜಿಗಿಯುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಪರದೆಯಿಂದಲೇ ತೆಗೆದು ಲ್ಯಾಪ್ ಪೇಸ್, ಅಂದರೆ ಆ ಲ್ಯಾಪಿನ ಈವರೆಗಿನ ಸರಾಸರಿ, ಹಾಕಿಕೊಳ್ಳಿ. 200 ಮೀಟರ್ ದಾಟಿದ ಮೇಲೆ ಅದು ನಿಂತ ನೀರಿನಂತೆ ತಿಳಿಯಾಗುತ್ತದೆ. ಹೊರಡುವ ದಿನ ವಾಚನ್ನು ಮೊಬೈಲಿಗೆ ಒಮ್ಮೆ ಜೋಡಿಸಿದರೆ ಉಪಗ್ರಹಗಳ ಹೊಸ ಪಟ್ಟಿ ಇಳಿದು ಸಂಕೇತ ಬೇಗ ಸಿಗುತ್ತದೆ. ಸಿದ್ಧ ಎಂದು ವಾಚ್ ಹೇಳಿದ ಮೇಲೂ ಒಂದು ನಿಮಿಷ ತಾಳಿ. ನಾಲ್ಕರ ಜಾಗದಲ್ಲಿ ಎಂಟು ಹತ್ತು ಉಪಗ್ರಹ ಸಿಕ್ಕರೆ ಮೊದಲ ಕಿಲೋಮೀಟರ್ ಸೊಟ್ಟಗಾಗುವುದಿಲ್ಲ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ತಿರುಗಿ ಬರುವುದರಿಂದ ನೀವು ರಸ್ತೆಯ ಆಚೆ ಬದಿಯಲ್ಲಿದ್ದಂತೆ ಕಾಣುತ್ತದೆ. ಎರಡು ತರಂಗಾಂತರ ಬಳಸುವ ವಾಚ್‌ಗಳಲ್ಲಿ ಈ ತಪ್ಪು ಗಣನೀಯವಾಗಿ ಕಡಿಮೆ, ಬ್ಯಾಟರಿ ಖರ್ಚು ಹೆಚ್ಚು. ಟ್ರ್ಯಾಕಿನಲ್ಲಿ ಜಿಪಿಎಸ್ ದೂರ ನಂಬಬೇಡಿ: ಒಂದನೇ ಲೇನ್ 400 ಮೀಟರ್, ಎರಡನೆಯದು 407, ಎಂಟನೆಯದು 453. ಸುತ್ತು ಎಣಿಸಿ.

ಮ್ಯಾರಥಾನ್ ದಿನ ಈ ತಪ್ಪುಗಳಿಗೆ ಬೆಲೆ ತೆರಬೇಕಾಗುತ್ತದೆ. ದಾರಿಯನ್ನು ಅಳೆಯುವವರು ಪ್ರತಿ ತಿರುವಿನಲ್ಲೂ ಅತಿ ಹತ್ತಿರದ ಗೆರೆ ಹಿಡಿದು, 42.195 ಕಿಲೋಮೀಟರಿಗೆ ಒಂದು ಮೀಟರೂ ಕಡಿಮೆ ಬೀಳದಿರಲೆಂದು 42 ಮೀಟರ್ ಹೆಚ್ಚು ಸೇರಿಸುತ್ತಾರೆ. ಗುಂಪಿನಲ್ಲಿ ಓಡುವ ನೀವು ಆ ಗೆರೆ ಹಿಡಿಯಲಾರಿರಿ, ಜಿಪಿಎಸ್ ಕೂಡ ಅಂಕುಡೊಂಕಾಗಿ ಎಳೆಯುತ್ತದೆ. ಕೊನೆಯಲ್ಲಿ ವಾಚ್ 42.6 ತೋರಿಸುವುದು ತೀರಾ ಸಾಮಾನ್ಯ. ನಾಲ್ಕು ಗಂಟೆಯ ಗುರಿಗೆ ಬೇಕಾದ ಪೇಸ್ 5:41. ವಾಚಿನಲ್ಲಿ 5:41 ನೋಡಿಕೊಂಡೇ ಓಡಿದರೆ 42.6 ಕಿಲೋಮೀಟರಿಗೆ 4 ಗಂಟೆ 2 ನಿಮಿಷ ದಾಟುತ್ತದೆ. ವಾಚಿನಲ್ಲಿ 5:38 ಇರಬೇಕು. ಅದಕ್ಕಿಂತ ಭದ್ರವಾದ ದಾರಿ, ಜಿಪಿಎಸ್ ದೂರ ನೋಡಿ ವಾಚ್ ತಾನೇ ಲ್ಯಾಪ್ ಹಾಕುವ ಆಟೋ ಲ್ಯಾಪನ್ನು ಹಿಂದಿನ ರಾತ್ರಿಯೇ ಆಫ್ ಮಾಡಿಡುವುದು. ರಸ್ತೆ ಬದಿಯ ಪ್ರತಿ ಕಿಲೋಮೀಟರ್ ಫಲಕದ ಬಳಿ ಲ್ಯಾಪ್ ಗುಂಡಿಯನ್ನು ನೀವೇ ಒತ್ತಿ, ಲ್ಯಾಪ್ ಸಮಯ ಮಾತ್ರ ನೋಡಿ. 5, 10, 21.1, 30ನೇ ಕಿಲೋಮೀಟರಿನಲ್ಲಿ ಒಟ್ಟು ಸಮಯ 28:26, 56:53, ಎರಡು ಗಂಟೆ, 2:50:38 ಇರಬೇಕೆಂದು ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರೆ ಉಪಗ್ರಹ ಕೈಕೊಟ್ಟರೂ ಲೆಕ್ಕ ತಪ್ಪುವುದಿಲ್ಲ.