ಗಡ್ಡೆ ಇದೆ, ಸದ್ಯಕ್ಕೆ ಕತ್ತರಿ ಬೇಡ

"ಕಾಯಿರಿ ಎಂದು ಹೇಳಿಸಿಕೊಳ್ಳಲು ಬೈಂದೂರಿನಿಂದ ಮಂಗಳೂರಿನವರೆಗೆ ಬರಬೇಕಿತ್ತೇ ಡಾಕ್ಟರೇ?" ಹನ್ನೆರಡು ದಿನದ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಅಜ್ಜಿಯ ಪ್ರಶ್ನೆ. (ಎರಡು ಮೂರು ಮನೆಗಳ ಕಥೆಯನ್ನು ಸೇರಿಸಿ ಹೇಳುತ್ತಿದ್ದೇನೆ, ಯಾರ ಗುರುತೂ ಸಿಗಬಾರದಲ್ಲ.)

ಎಂಟನೇ ತಿಂಗಳ ಸ್ಕ್ಯಾನಿನಲ್ಲೇ ಮಗುವಿನ ಬಲ ಕಿಡ್ನಿಯ ಮೇಲೆ ಗಡ್ಡೆ ಕಂಡಿತ್ತು. ಅಲ್ಲಿರುವುದು ಅಡ್ರಿನಲ್ ಗ್ರಂಥಿ. ಅದರೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಕೆಲವು ವಾರಗಳಲ್ಲಿ ಕುಗ್ಗುತ್ತದೆ. ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರ್ ಆಗಿದ್ದರೆ? ವಿಚಿತ್ರವೆಂದರೆ, ಎಳೆಗೂಸುಗಳಲ್ಲಿ ಅದೂ ಎಷ್ಟೋ ಸಲ ತಾನಾಗಿಯೇ ಕರಗುತ್ತದೆ.

ಜಪಾನಿನವರು ಇದನ್ನು ದುಬಾರಿಯಾಗಿ ಕಲಿತರು. 1985ರಿಂದ ದೇಶದಾದ್ಯಂತ ಆರು ತಿಂಗಳ ಮಕ್ಕಳ ಮೂತ್ರ ಪರೀಕ್ಷಿಸಿ ಈ ಗಡ್ಡೆಗಳನ್ನು ಹುಡುಕಿದರು. ಬೇಕಾದಷ್ಟು ಸಿಕ್ಕವು, ಚಿಕಿತ್ಸೆಯೂ ನಡೆಯಿತು. ಇಂಥ ತಪಾಸಣೆಯಿಂದ ಸಾವು ಕಡಿಮೆಯಾಗುವುದಿಲ್ಲ ಎಂದು 2002ರಲ್ಲಿ ಕೆನಡಾ ಮತ್ತು ಜರ್ಮನಿಯ ಅಧ್ಯಯನಗಳು ತೋರಿಸಿದವು. ಬಳಿಕ ಜಪಾನ್ ಅದನ್ನು ಕೈಬಿಟ್ಟಿತು. ತಾನಾಗಿ ಹೋಗಬಹುದಾಗಿದ್ದ ಗಡ್ಡೆಗಾಗಿ ಹೊಟ್ಟೆ ಕೊಯ್ಸಿಕೊಂಡ ಆ ಮಕ್ಕಳು ಆಗಾಗ ನೆನಪಾಗುತ್ತಾರೆ.

2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ ಸಣ್ಣ ಗಡ್ಡೆಯ 83 ಶಿಶುಗಳನ್ನು ಕಾದು ನೋಡಿದರು. ಶೇ. 81ರಷ್ಟು ಮಕ್ಕಳಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಲಿಲ್ಲ. ಮೂರು ವರ್ಷದ ಲೆಕ್ಕದಲ್ಲಿ ಎಲ್ಲರೂ ಬದುಕಿದ್ದರು. ಗಟ್ಟಿ ಗಡ್ಡೆಯಾದರೆ 3.1 ಸೆಂಟಿಮೀಟರ್, ನೀರು ತುಂಬಿದ್ದಾದರೆ 5 ಸೆಂಟಿಮೀಟರ್, ಅಲ್ಲಿಯವರೆಗೆ ಮಾತ್ರ ಈ ಧೈರ್ಯ. ಗಾತ್ರ ಅರ್ಧದಷ್ಟು ಹೆಚ್ಚಿದರೆ ಕಾಯುವುದು ಮುಗಿಯಿತು, ಆಪರೇಷನ್.

ಒಂದು ಭಯ ನನಗೂ ಇದೆ. ಕಾಯಿಲೆ ಯಕೃತ್ತಿಗೆ ಹರಡಿದ್ದರೆ, ಎರಡು ತಿಂಗಳೊಳಗಿನ ಮಗುವಿನ ಹೊಟ್ಟೆ ಕೆಲವೇ ದಿನಗಳಲ್ಲಿ ಉಬ್ಬಿ ಉಸಿರಾಟಕ್ಕೇ ಜಾಗವಿಲ್ಲದಂತಾಗಬಹುದು. ಮುಂದೆ ಕರಗುವ ಕಾಯಿಲೆಯೇ ಇರಬಹುದು, ಆದರೆ ಅಲ್ಲಿಯವರೆಗೆ ಮಗು ಉಳಿಯಬೇಕಲ್ಲ? ಅಲ್ಲಿ ತಡಮಾಡದೆ ಕಿಮೋಥೆರಪಿ ಕೊಡುತ್ತೇವೆ.

ಇನ್ನೊಂದು ಮಾತು ಪುಸ್ತಕದಲ್ಲಿ ಸಿಗುವುದಿಲ್ಲ. ಮಳೆಗಾಲದಲ್ಲಿ ಬರಲಾಗದವರಿಗೆ, ಫೋನ್ ಎತ್ತದವರಿಗೆ "ಕಾಯೋಣ" ಎನ್ನಲು ನಾನು ಹಿಂಜರಿಯುತ್ತೇನೆ. ಮೊದಮೊದಲು ಮೂರು ವಾರಕ್ಕೊಮ್ಮೆ ಸ್ಕ್ಯಾನ್, ಮೂತ್ರ ಪರೀಕ್ಷೆ. ಆಮೇಲೆ ಅಂತರ ಹೆಚ್ಚುತ್ತಾ ಸುಮಾರು ತೊಂಬತ್ತು ವಾರ. ಒಂದು ತಪ್ಪಿದರೂ ಲೆಕ್ಕ ಕೆಡುತ್ತದೆ.

ದುಬೈಯಲ್ಲಿದ್ದ ತಂದೆಗೆ ವಿಡಿಯೋ ಕರೆಯಲ್ಲಿ ಇದನ್ನೆಲ್ಲ ಇನ್ನೊಮ್ಮೆ ಹೇಳಿದೆ. ಅಷ್ಟರಲ್ಲಿ ಅಜ್ಜಿ ಕ್ಯಾಲೆಂಡರ್ ಹಾಳೆಯ ಮೇಲೆ ದಿನಾಂಕ ಬರೆಸಿಕೊಂಡು, "ಮಗುವನ್ನು ಖಾಲಿ ಹೊಟ್ಟೆಯಲ್ಲಿ ತರಬೇಕೇ?" ಎಂದು ಕೇಳಿದರು.

"ಬೇಡಮ್ಮ, ಹಾಲು ಕುಡಿಸಿಯೇ ತನ್ನಿ. ಅಳದಿದ್ದರೆ ಸ್ಕ್ಯಾನ್ ಮಾಡುವವರಿಗೂ ಸುಲಭ."