ಬರ್ಲಿನ್‌ನಲ್ಲಿ 1939ರಲ್ಲಿ ಇದ್ದಷ್ಟು ಜನ ಇವತ್ತೂ ಇಲ್ಲ, ಯಾಕೆ?

ಓದುಗರ ಪ್ರಶ್ನೆ: ಬರ್ಲಿನ್ ಜರ್ಮನಿಯ ರಾಜಧಾನಿ, ಆ ದೇಶದ ಅತಿ ದೊಡ್ಡ ನಗರ. ಆದರೆ 1939ರಲ್ಲಿ ಅಲ್ಲಿ ಈಗಿಗಿಂತ ಜಾಸ್ತಿ ಜನ ಇದ್ದರು ಅಂತ ಓದಿದೆ. ಎಂಬತ್ತು ವರ್ಷ ಕಳೆದ ಮೇಲೂ ಒಂದು ರಾಜಧಾನಿ ತನ್ನ ಹಳೇ ಸಂಖ್ಯೆಯನ್ನು ಮುಟ್ಟಿಲ್ಲ ಅಂದರೆ ನಂಬೋದು ಹೇಗೆ? ಲೆಕ್ಕದಲ್ಲೇ ಏನೋ ತಪ್ಪಿರಬೇಕು, ಅಲ್ವಾ?

ಉತ್ತರ: ಲೆಕ್ಕ ಸರಿಯಾಗೇ ಇದೆ. 1939ರ ಮೇ ತಿಂಗಳ ಜನಗಣತಿಯಲ್ಲಿ ಬರ್ಲಿನ್‌ನಲ್ಲಿ ಸಿಕ್ಕವರು 43 ಲಕ್ಷ 38 ಸಾವಿರ ಜನ. 2022ರ ಜನಗಣತಿಯಲ್ಲಿ ಸಿಕ್ಕವರು ಸುಮಾರು 36 ಲಕ್ಷ. ಏಳು ಲಕ್ಷಕ್ಕೂ ಜಾಸ್ತಿ ಕಡಿಮೆ.

ಇಂಥ ಹೋಲಿಕೆ ಮಾಡುವಾಗ ಮೊದಲು ನೋಡಬೇಕಾದದ್ದು ಊರಿನ ಗಡಿ. ಗಡಿ ಹಿಗ್ಗಿದರೆ ಒಂದೇ ರಾತ್ರಿಯಲ್ಲಿ ಜನಸಂಖ್ಯೆ ಏರುತ್ತದೆ. ಬರ್ಲಿನ್‌ನಲ್ಲಿ ಹಾಗೇ ಆಯಿತು. 1920ರ ಅಕ್ಟೋಬರ್ 1ರಂದು ಸುತ್ತಲಿನ 7 ಪಟ್ಟಣ, 59 ಹಳ್ಳಿ, 27 ಜಮೀನ್ದಾರಿ ಎಸ್ಟೇಟುಗಳನ್ನು ನಗರಕ್ಕೆ ಸೇರಿಸಿದರು. 66 ಚದರ ಕಿಲೋಮೀಟರ್ ಇದ್ದ ಊರು 878 ಆಯಿತು. 19 ಲಕ್ಷ ಜನ 38 ಲಕ್ಷ ಆದರು. ಆದರೆ ಅದಾದ ಮೇಲೆ ಗಡಿ ಹೆಚ್ಚೇನೂ ಕದಲಿಲ್ಲ. ಈಗ ವಿಸ್ತೀರ್ಣ 891 ಚದರ ಕಿಲೋಮೀಟರ್. ಹಾಗಾಗಿ 1939 ಮತ್ತು 2022ನ್ನು ಪಕ್ಕಪಕ್ಕ ಇಟ್ಟು ನೋಡಲು ಅಡ್ಡಿಯಿಲ್ಲ.

ಹಾಗಾದರೆ ಅಷ್ಟು ಜನ ಎಲ್ಲಿಂದ ಬಂದಿದ್ದರು, ಎಲ್ಲಿ ಹೋದರು? ಇದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬರ್ಲಿನ್ ಮೊದಲಿಗೆ ಸ್ಪ್ರೇ ನದಿಯ ಎರಡು ಬದಿಯ ಎರಡು ಪುಟ್ಟ ಊರು. ಒಂದು ಕೋಲ್ನ್, ಇನ್ನೊಂದು ಬರ್ಲಿನ್. ಕೋಲ್ನ್ ಹೆಸರು 1237ರ ದಾಖಲೆಯಲ್ಲಿ ಸಿಗುತ್ತದೆ, ಬರ್ಲಿನ್ ಹೆಸರು 1244ರಲ್ಲಿ. ನಾಲ್ಕು ಶತಮಾನ ಕಳೆದರೂ ಊರು ದೊಡ್ಡದೇನೂ ಆಗಲಿಲ್ಲ. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧ ಬಂದು, ಇದ್ದ ಹತ್ತು ಹನ್ನೆರಡು ಸಾವಿರ ಜನರಲ್ಲಿ ಅರ್ಧದಷ್ಟನ್ನು ಕಳೆದುಕೊಂಡಿತು. ಪ್ಲೇಗು, ಹಸಿವು, ಸೈನಿಕರ ಸುಲಿಗೆ.

ಖಾಲಿಯಾದ ಊರನ್ನು ತುಂಬಿಸಲು ಅಲ್ಲಿನ ಅರಸ ಫ್ರೀಡ್ರಿಷ್ ವಿಲ್‌ಹೆಲ್ಮ್ ಹೊರಗಿನವರನ್ನು ಕರೆದ. 1671ರಲ್ಲಿ ವಿಯೆನ್ನಾದಿಂದ ಹೊರದಬ್ಬಿದ್ದ 50 ಯಹೂದಿ ಕುಟುಂಬಗಳಿಗೆ ತನ್ನ ನಾಡಿನಲ್ಲಿ ನೆಲೆ ಕೊಟ್ಟ. ಫ್ರಾನ್ಸ್‌ನಲ್ಲಿ ಪ್ರಾಟೆಸ್ಟಂಟರಿಗೆ ಕಿರುಕುಳ ಶುರುವಾದಾಗ, 1685ರಲ್ಲಿ ಪಾಟ್ಸ್‌ಡಾಮ್ ಆಜ್ಞೆ ಹೊರಡಿಸಿ ಅವರನ್ನೂ ಕರೆದ. 1700ರ ಹೊತ್ತಿಗೆ ಬರ್ಲಿನ್‌ನ ಪ್ರತಿ ಐವರಲ್ಲಿ ಒಬ್ಬರು ಫ್ರೆಂಚರು! ಇವತ್ತಿಗೂ ಬರ್ಲಿನ್‌ನವರು ಕೊಚ್ಚಿದ ಮಾಂಸದ ಕಟ್ಲೆಟ್ಟಿಗೆ ‘ಬುಲೆಟ್ಟೆ’ ಅನ್ನುತ್ತಾರೆ. ಜರ್ಮನಿಯ ಬೇರೆ ಕಡೆ ಅದಕ್ಕೆ ಬೇರೆ ಹೆಸರು. ಈ ಮಾತು ಫ್ರೆಂಚಿನಿಂದ ಬಂದದ್ದು.

ಬರ್ಲಿನ್ ಬೆಳೆದಾಗಲೆಲ್ಲ ಬೆಳೆದದ್ದು ಹೊರಗಿನಿಂದ ಬಂದವರಿಂದಲೇ. ಮುಂದಿನ ಕಥೆ ಓದುವಾಗ ಇದು ನೆನಪಿರಲಿ.

ನಿಜವಾದ ನೆರೆ ಬಂದದ್ದು 19ನೇ ಶತಮಾನದಲ್ಲಿ. 1800ರ ಸುಮಾರಿಗೆ 1 ಲಕ್ಷ 70 ಸಾವಿರ ಇದ್ದ ಜನ, 1871ರಲ್ಲಿ ಬರ್ಲಿನ್ ಇಡೀ ಜರ್ಮನಿಯ ರಾಜಧಾನಿಯಾದಾಗ 8 ಲಕ್ಷ 26 ಸಾವಿರ ಆಗಿದ್ದರು. 1877ರಲ್ಲಿ ಹತ್ತು ಲಕ್ಷ. 1905ರಲ್ಲಿ ಇಪ್ಪತ್ತು ಲಕ್ಷ. ರೈಲು ಎಂಜಿನ್, ವಿದ್ಯುತ್ ಯಂತ್ರ, ಬಟ್ಟೆ ತಯಾರಿಸುವ ಕಾರ್ಖಾನೆಗಳು ಕೈ ಬೀಸಿ ಕರೆಯುತ್ತಿದ್ದವು. ಪೂರ್ವದ ಸೈಲೀಸಿಯಾ, ಪೊಮೆರೇನಿಯಾ, ಪೂರ್ವ ಪ್ರಷ್ಯಾದ ಹಳ್ಳಿಗಳಿಂದ ಜನ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದರು. ಅವರಲ್ಲಿ ಎಷ್ಟೋ ಜನ ಬಂದಿಳಿದ ನಿಲ್ದಾಣದ ಹೆಸರೇ ‘ಸೈಲೀಸಿಯಾ ನಿಲ್ದಾಣ’. ಈಗ ಅದು ಓಸ್ಟ್‌ಬಾನ್‌ಹೋಫ್.

ಬಂದವರು ಮಲಗಿದ್ದೆಲ್ಲಿ? ಈ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಇಲ್ಲೇ. 1862ರಲ್ಲಿ ಜೇಮ್ಸ್ ಹೋಬ್ರೆಷ್ಟ್ ಎಂಬ ಎಂಜಿನಿಯರ್ ಹೊಸ ಬೀದಿಗಳ ನಕ್ಷೆ ಹಾಕಿದ. ಬೀದಿಗಳು ಅಗಲ, ನಡುವಿನ ಜಾಗಗಳು ಬೀದಿಯಿಂದ ಹಿಂದಕ್ಕೆ ಬಹಳ ಉದ್ದ. ಆ ಜಾಗವನ್ನು ಮಾಲೀಕರು ಸುಮ್ನೆ ಬಿಡುತ್ತಾರೆಯೇ? ಬೀದಿಗೆ ಮುಖ ಮಾಡಿ ಒಂದು ಚಂದದ ಐದಂತಸ್ತಿನ ಮನೆ, ಅದರ ಹಿಂದೆ ಅಂಗಳ, ಅದರ ಹಿಂದೆ ಇನ್ನೊಂದು ಮನೆ, ಮತ್ತೆ ಅಂಗಳ. ಅಂಗಳ ಎಷ್ಟು ದೊಡ್ಡದಿರಬೇಕು? ನಿಯಮದ ಪ್ರಕಾರ ಉದ್ದಗಲ 5.34 ಮೀಟರ್ ಇದ್ದರೆ ಸಾಕಿತ್ತು. ಬೆಂಕಿ ಆರಿಸುವ ಬಂಡಿ ತಿರುಗಲು ಬೇಕಾದ ಜಾಗ ಅಷ್ಟೇ. ಬಂಡಿ ತಿರುಗಿದರೆ ಆಯಿತು, ಮಗುವಿಗೆ ಬಿಸಿಲು ಸಿಗುತ್ತದೆಯೋ ಇಲ್ಲವೋ ಎಂದು ಕೇಳುವವರಿರಲಿಲ್ಲ. ಈ ಕಟ್ಟಡಗಳಿಗೆ ಜನ ಇಟ್ಟ ಹೆಸರು ‘ಮೀಟ್ಸ್‌ಕಾಜೆರ್ನೆ’, ಅಂದರೆ ಬಾಡಿಗೆ ಬ್ಯಾರಕ್. ವೆಡ್ಡಿಂಗ್ ಬಡಾವಣೆಯ ಮೈಯರ್ಸ್ ಹೋಫ್ ಎಂಬ ಒಂದೇ ಕಟ್ಟಡದಲ್ಲಿ ಒಂದರ ಹಿಂದೆ ಒಂದು ಆರು ಅಂಗಳ. ತುಂಬಿದ್ದ ಕಾಲಕ್ಕೆ ಅಲ್ಲಿ ಸುಮಾರು 2,000 ಜನ ಇದ್ದರು.

ಒಂದು ಕೋಣೆ, ಒಂದು ಅಡುಗೆಮನೆ, ಅದರಲ್ಲಿ ಇಡೀ ಸಂಸಾರ. ಬಾಡಿಗೆ ಕಟ್ಟಲು ಆಗದಿದ್ದರೆ ಹಾಸಿಗೆಯನ್ನೇ ಬಾಡಿಗೆಗೆ ಕೊಡುವುದು. ರಾತ್ರಿ ಪಾಳಿಯವನು ಬೆಳಿಗ್ಗೆ ಬಂದು, ಮನೆಯವರು ಎದ್ದು ಹೋದ ಹಾಸಿಗೆಯಲ್ಲಿ ಮಲಗುತ್ತಿದ್ದ. ಇಂಥವರಿಗೆ ‘ಶ್ಲಾಫ್‌ಗೆಂಗರ್’ ಎಂಬ ಹೆಸರಿತ್ತು. ಇನ್ನೂ ಬಡವರು ‘ಟ್ರೊಕನ್‌ವೋನರ್’, ಮನೆ ಒಣಗಿಸುವವರು. ಹೊಸದಾಗಿ ಕಟ್ಟಿದ ಮನೆಯ ಗಾರೆ ಹಸಿ ಇರುವಾಗ ಅವರನ್ನು ಕಡಿಮೆ ಬಾಡಿಗೆಗೆ ಇಡುತ್ತಿದ್ದರು. ಅವರ ಉಸಿರಿನಿಂದ, ಒಲೆಯ ಕಾವಿನಿಂದ ಗೋಡೆ ಒಣಗಬೇಕು. ಒಣಗಿದ ಮೇಲೆ ಅವರು ಮಕ್ಕಳುಮರಿ ಸಮೇತ ಇನ್ನೊಂದು ಹಸಿ ಮನೆಗೆ ಹೋಗಬೇಕು. 43 ಲಕ್ಷ ಎಂಬ ಅಂಕಿಯ ಬುಡದಲ್ಲಿ ಈ ಜನ ಇದ್ದಾರೆ.

ಆಮೇಲೆ ಹಿಟ್ಲರನ ಕಾಲ. 1933ರಲ್ಲಿ ಬರ್ಲಿನ್‌ನಲ್ಲಿ ಸುಮಾರು 1 ಲಕ್ಷ 60 ಸಾವಿರ ಯಹೂದಿಗಳಿದ್ದರು. ಅರ್ಧಕ್ಕಿಂತ ಜಾಸ್ತಿ ಜನ ದೇಶ ಬಿಟ್ಟು ಹೋದರು. ಉಳಿದವರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿಯನ್ನು ರೈಲಿಗೆ ತುಂಬಿ ಸಾವಿಗೆ ಕಳಿಸಿದರು. ಮೊದಲ ರೈಲು 1941ರ ಅಕ್ಟೋಬರ್ 18ರಂದು ಗ್ರೂನೆವಾಲ್ಡ್ ನಿಲ್ದಾಣದಿಂದ ಹೊರಟಿತು. ಆ ನಿಲ್ದಾಣದ 17ನೇ ಹಳಿ ಈಗ ಸ್ಮಾರಕ. ಹಳಿಯ ಎರಡೂ ಬದಿಗೆ ಉಕ್ಕಿನ ಫಲಕಗಳನ್ನು ಹಾಸಿದ್ದಾರೆ, ಒಟ್ಟು 186. ಅಂಚಿನಲ್ಲಿ ಕೊರೆದಿರುವುದು ಇಷ್ಟೇ: ತಾರೀಕು, ಎಷ್ಟು ಯಹೂದಿಗಳು, ಎಲ್ಲಿಗೆ. ಒಂದು ಫಲಕದಲ್ಲಿ ಸಾವಿರಕ್ಕೂ ಮೇಲೆ, ಇನ್ನೊಂದರಲ್ಲಿ ಬರೀ ಕೆಲವು ಹತ್ತುಗಳು. ಹಳಿಗಳ ನಡುವೆ ಗಿಡಮರ ಬೆಳೆದಿವೆ. ಅವನ್ನು ಕಡಿಯುವುದಿಲ್ಲ, ಈ ಹಳಿಯಿಂದ ಇನ್ನೆಂದೂ ರೈಲು ಹೊರಡಬಾರದು ಎಂದು.

1943ರಲ್ಲಿ ಬಾಂಬ್ ದಾಳಿ ಜೋರಾದಾಗ ಮಕ್ಕಳು, ಹೆಂಗಸರು ಲಕ್ಷಗಟ್ಟಲೆ ಊರು ಬಿಟ್ಟರು. ಗಂಡಸರು ಯುದ್ಧದಲ್ಲಿದ್ದರು. 1945ರ ಆಗಸ್ಟ್‌ನಲ್ಲಿ ಎಣಿಸಿದಾಗ ಉಳಿದಿದ್ದವರು 28 ಲಕ್ಷ ಜನ, ಅವರಲ್ಲಿ ಹೆಂಗಸರೇ ತುಂಬ ಜಾಸ್ತಿ. ಆರು ವರ್ಷದಲ್ಲಿ 15 ಲಕ್ಷ ಕಡಿಮೆ.

ಯುದ್ಧದ ಪೆಟ್ಟು ಬೇರೆ ನಗರಗಳಿಗೂ ಬಿದ್ದಿತ್ತು. ಹ್ಯಾಂಬರ್ಗ್, ಮ್ಯೂನಿಕ್ ಸುಧಾರಿಸಿಕೊಂಡವು. ಮ್ಯೂನಿಕ್‌ನಲ್ಲಿ ಈಗ ಯುದ್ಧಕ್ಕೆ ಮುಂಚಿಗಿಂತ ಎಷ್ಟೋ ಜಾಸ್ತಿ ಜನ. ಬರ್ಲಿನ್ ಯಾಕೆ ಹಿಂದೆ ಬಿತ್ತು? ನನ್ನ ಮಟ್ಟಿಗೆ ದೊಡ್ಡ ಕಾರಣ ಬಾಂಬ್ ಅಲ್ಲ, ಭೂಪಟ. ಬರ್ಲಿನ್‌ಗೆ ಜನರನ್ನು ಕಳಿಸುತ್ತಿದ್ದ ಸೈಲೀಸಿಯಾ, ಪೊಮೆರೇನಿಯಾದ ಬಹುಭಾಗ 1945ರ ನಂತರ ಪೋಲೆಂಡಿಗೆ ಸೇರಿತು. ಪೂರ್ವ ಪ್ರಷ್ಯಾವನ್ನು ಪೋಲೆಂಡ್ ಮತ್ತು ಸೋವಿಯತ್ ಒಕ್ಕೂಟ ಹಂಚಿಕೊಂಡವು. ಹೊಸ ಗಡಿ ಬರ್ಲಿನ್‌ನಿಂದ ನೂರು ಕಿಲೋಮೀಟರ್ ಕೂಡ ಇಲ್ಲ. ಕೆರೆಗೆ ನೀರು ತರುತ್ತಿದ್ದ ಹಳ್ಳವೇ ಕಡಿದುಹೋದಂತೆ ಆಯಿತು. ಸೀಮೆನ್ಸ್ ತನ್ನ ಮುಖ್ಯ ಕಚೇರಿಯನ್ನು ಮ್ಯೂನಿಕ್‌ಗೆ ಒಯ್ದಿತು. ದೊಡ್ಡ ಬ್ಯಾಂಕುಗಳು ಫ್ರಾಂಕ್‌ಫರ್ಟ್ ಸೇರಿದವು. ಕೆಲಸ ಹೋದ ಕಡೆ ಜನ ಹೋದರು.

ಯುದ್ಧದ ನಂತರ ಜರ್ಮನಿಯೂ ಬರ್ಲಿನ್ ನಗರವೂ ಪೂರ್ವ, ಪಶ್ಚಿಮ ಎಂದು ಎರಡಾಗಿದ್ದವು. 1961ರ ಆಗಸ್ಟ್ 13ರಂದು ಎರಡು ಬರ್ಲಿನ್‌ಗಳ ನಡುವೆ ಗೋಡೆ ಎದ್ದಿತು. ಪಶ್ಚಿಮ ಬರ್ಲಿನ್ ಪೂರ್ವ ಜರ್ಮನಿಯ ನಡುವೆ ಎಲ್ಲ ಕಡೆಯಿಂದ ಮುಚ್ಚಿಹೋದ ದ್ವೀಪವಾಯಿತು. ಅಲ್ಲಿ ವಯಸ್ಸಾದವರೇ ಜಾಸ್ತಿಯಾದರು. 22 ಲಕ್ಷ ಇದ್ದ ಜನ 1980ರ ದಶಕದಲ್ಲಿ 19 ಲಕ್ಷದ ಆಸುಪಾಸಿಗೆ ಇಳಿದರು. ಜನರನ್ನು ಹಿಡಿದಿಡಲು ಸರ್ಕಾರ ಸಂಬಳದ ಮೇಲೆ ನೂರಕ್ಕೆ 8ರಷ್ಟು ಭತ್ಯೆ ಕೊಟ್ಟಿತು. ಅಲ್ಲಿನ ಹುಡುಗರಿಗೆ ಕಡ್ಡಾಯ ಸೇನಾ ಸೇವೆ ಇರಲಿಲ್ಲ, ಹಾಗಾಗಿ ಸೇನೆ ಬೇಡವೆಂದ ಯುವಕರು ಬಂದು ಸೇರಿದರು. ಅದೇ 1961ರಲ್ಲಿ ಟರ್ಕಿಯ ಜೊತೆ ಕಾರ್ಮಿಕರ ಒಪ್ಪಂದವಾಯಿತು. ಗೋಡೆಯ ಪಕ್ಕದ ಕ್ರಾಯ್ಟ್ಸ್‌ಬರ್ಗ್‌ನ ಹಳೇ ಬಾಡಿಗೆ ಬ್ಯಾರಕ್‌ಗಳಿಗೆ ಟರ್ಕಿಯ ಕುಟುಂಬಗಳು ಬಂದವು. ಪೂರ್ವ ಬರ್ಲಿನ್ ಮಾತ್ರ ಸ್ವಲ್ಪ ಬೆಳೆಯಿತು. ಅದು ಪೂರ್ವ ಜರ್ಮನಿಯ ರಾಜಧಾನಿ, ಅಲ್ಲಿ ಮಾರ್ತ್ಸಾನ್‌ನಂಥ ದೊಡ್ಡ ಬಡಾವಣೆಗಳನ್ನು ಕಟ್ಟಿದರು.

1989ರಲ್ಲಿ ಗೋಡೆ ಬಿದ್ದಾಗ ಇನ್ನು ಬರ್ಲಿನ್ ಉಬ್ಬಿಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದರು. ಆದದ್ದೇ ಬೇರೆ. ಕಾರ್ಖಾನೆಗಳು ಮುಚ್ಚಿದವು, ಮನೆ ಕಟ್ಟುವವರು ಊರ ಹೊರಗಿನ ಬ್ರಾಂಡನ್‌ಬುರ್ಗ್‌ಗೆ ಹೋದರು. 1993ರಲ್ಲಿ 34 ಲಕ್ಷ 75 ಸಾವಿರ ಇದ್ದ ಜನಸಂಖ್ಯೆ 2000ದಲ್ಲಿ 33 ಲಕ್ಷ 82 ಸಾವಿರ. ಮತ್ತೆ ಏರಿದ್ದು ಆಮೇಲೆ, ಮತ್ತೆ ಹೊರಗಿನವರಿಂದಲೇ: ಪೋಲೆಂಡ್, ಸಿರಿಯಾ, ಉಕ್ರೇನ್, ಈಚೆಗೆ ಭಾರತ. ಸಾಫ್ಟ್‌ವೇರ್ ಕೆಲಸಕ್ಕೆ, ಓದಿಗೆ ಹೋದ ಕನ್ನಡಿಗರೂ ಆ ಲೆಕ್ಕದಲ್ಲಿದ್ದಾರೆ.

ಲೆಕ್ಕದ ಬಗ್ಗೆ ಕೇಳಿದಿರಲ್ಲ, ಅದರಲ್ಲಿ ಒಂದು ತೊಡಕು ಇದ್ದೇ ಇದೆ. ಜರ್ಮನಿಯಲ್ಲಿ ಮನೆಗೆ ಬಂದ ತಕ್ಷಣ ಕಚೇರಿಯಲ್ಲಿ ಹೆಸರು ಬರೆಸಬೇಕು. ಅದಕ್ಕೆ ‘ಅನ್ಮೆಲ್ಡುಂಗ್’ ಅನ್ನುತ್ತಾರೆ. ಅದಿಲ್ಲದೆ ಅಲ್ಲಿ ಮುಂದಿನ ಎಷ್ಟೋ ಕೆಲಸ ಆಗುವುದಿಲ್ಲ, ಆದ್ದರಿಂದ ಹೆಚ್ಚಿನವರು ಬರೆಸುತ್ತಾರೆ. ದೇಶ ಬಿಟ್ಟು ಹೋಗುವಾಗ ಹೆಸರು ತೆಗೆಸಲು ಮಾತ್ರ ಎಷ್ಟೋ ಜನ ಮರೆಯುತ್ತಾರೆ. 2011ರ ಜನಗಣತಿಯಲ್ಲಿ ನೋಡಿದರೆ ಬರ್ಲಿನ್‌ನಲ್ಲಿ ಅಂದುಕೊಂಡದ್ದಕ್ಕಿಂತ ಸುಮಾರು 1 ಲಕ್ಷ 80 ಸಾವಿರ ಜನ ಕಡಿಮೆ! ಜನಸಂಖ್ಯೆ ನೋಡಿ ಹಣ ಬರುವ ಕಾರಣ ಬರ್ಲಿನ್ ಮತ್ತು ಹ್ಯಾಂಬರ್ಗ್ ಸಾಂವಿಧಾನಿಕ ನ್ಯಾಯಾಲಯದವರೆಗೂ ಹೋದವು, 2018ರಲ್ಲಿ ಸೋತವು. ಹಾಗಾಗಿ 37 ಲಕ್ಷಕ್ಕೂ ಮೇಲಿನ ಅಂಕಿ ನೀವು ಎಲ್ಲಾದರೂ ನೋಡಿದರೆ, ಅದು ಯಾವ ಲೆಕ್ಕದ್ದು ಅಂತ ಗಮನಿಸಿ.

ಇಷ್ಟು ಜನ ಕಡಿಮೆಯಾಗಿದ್ದರೆ ಅಲ್ಲಿ ಮನೆ ಸುಲಭವಾಗಿ ಸಿಗಬೇಕಲ್ಲ? ಸಿಗುವುದಿಲ್ಲ. ಒಂದು ಫ್ಲ್ಯಾಟ್ ನೋಡಲು ಮೆಟ್ಟಿಲುಗಳ ಉದ್ದಕ್ಕೂ ಜನ ಸಾಲು ನಿಲ್ಲುತ್ತಾರೆ. ಕಾರಣ ಅದೇ ಅಂಗಳದ ಮನೆಗಳಲ್ಲಿದೆ. ಬರ್ಲಿನ್‌ನ ಸುಮಾರು ಅರ್ಧ ಮನೆಗಳಲ್ಲಿ ಈಗ ಒಬ್ಬೊಬ್ಬರೇ ಇರುತ್ತಾರೆ. ಒಬ್ಬರಿಗೆ ಸರಾಸರಿ 40 ಚದರ ಮೀಟರ್ ಹತ್ತಿರ ಜಾಗ. ಹಿಂದೆ ಒಂದು ಸಂಸಾರ, ಜೊತೆಗೆ ಹಾಸಿಗೆ ಬಾಡಿಗೆಯವನು ಇದ್ದ ಹಿಂಬದಿಯ ಮನೆಯ ಮೂರನೇ ಮಹಡಿಯಲ್ಲಿ ಇವತ್ತು ಒಂದು ಮಂಚ, ಒಂದು ಸೈಕಲ್, ಬಾಗಿಲ ಮೇಲೆ ಒಂದೇ ಹೆಸರು.