ತೊಟ್ಟು ಕಳಚಿ ಬಿದ್ದರೆ ಕಸಿ ಹಿಡಿದ ಹಾಗೆ

ಕಣ್ಣು ಕಸಿ ಅಂದರೆ ಒಂದು ಗಿಡದ ಮೊಗ್ಗನ್ನು, ಅಂದರೆ ಕಣ್ಣನ್ನು, ತೆಗೆದು ಇನ್ನೊಂದು ಗಿಡಕ್ಕೆ ಕೂಡಿಸುವುದು. ಆಗ ಕಣ್ಣಿನ ಪಕ್ಕದ ಎಲೆಯನ್ನು ಕತ್ತರಿಸಿ ಹಾಕುತ್ತೇವೆ. ಆದರೆ ತೊಟ್ಟಿನ ಒಂದು ತುಂಡನ್ನು ಕಣ್ಣಿನ ಜೊತೆಗೇ ಬಿಡುತ್ತೇವೆ. ಕಣ್ಣನ್ನು ಮುಟ್ಟದೆ ಹಿಡಿಯಲು ಅದು ಅನುಕೂಲ. ಅದಕ್ಕಿಂತ ಜಾಸ್ತಿ ಉಪಯೋಗ ಆಮೇಲೆ ಆಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಆ ತುಂಡನ್ನು ಬೆರಳಿನಿಂದ ಮೆಲ್ಲಗೆ ತಾಗಿಸಿ. ತಟ್ಟನೆ ಉದುರಿ, ಕಣ್ಣು ಹಸಿರಾಗಿ ಕಂಡರೆ ಕಸಿ ಹಿಡಿದಿದೆ. ಮುರುಟಿ ಒಣಗಿ ಅಲ್ಲೇ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಕಣ್ಣು ಸತ್ತಿದೆ. ಕೆಲಸ ಕಲಿಯಲು ಬಂದವರೆಲ್ಲ ಕೇಳುತ್ತಾರೆ: ಬಿದ್ದದ್ದು ಒಳ್ಳೆಯದು, ಉಳಿದದ್ದು ಕೆಟ್ಟದ್ದು ಹೇಗೆ?

ತೊಟ್ಟು ಕೊಂಬೆಗೆ ಸೇರುವ ಜಾಗದಲ್ಲಿ ಸಣ್ಣ ಜೀವಕೋಶಗಳ ಕೆಲವು ಪದರಗಳಿವೆ. ಎಲೆ ಚೆನ್ನಾಗಿರುವಷ್ಟು ದಿನ ಅದರಿಂದ ಆಕ್ಸಿನ್ ಎಂಬ ಹಾರ್ಮೋನು ತೊಟ್ಟಿನೊಳಗಿಂದ ಇಳಿದು ಬರುತ್ತಲೇ ಇರುತ್ತದೆ. ಅಲ್ಲಿಯವರೆಗೆ ಈ ಪದರಗಳು ಸುಮ್ಮನಿರುತ್ತವೆ. ಎಲೆಗೆ ವಯಸ್ಸಾದಾಗ, ಅಥವಾ ನಾವೇ ಅದನ್ನು ಕತ್ತರಿಸಿದಾಗ, ಆಕ್ಸಿನ್ ಬರುವುದು ಕಡಿಮೆಯಾಗುತ್ತದೆ. ಎಥಿಲೀನ್ ಎಂಬ ಇನ್ನೊಂದು ಹಾರ್ಮೋನಿನ ಪ್ರಭಾವ ಏರುತ್ತದೆ. ಆಗ ಆ ಜೀವಕೋಶಗಳು ಕಿಣ್ವಗಳನ್ನು ತಯಾರಿಸಿ, ತಮ್ಮನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಅನ್ನು ಕರಗಿಸುತ್ತವೆ. ತೊಟ್ಟು ಬೀಳುತ್ತದೆ. ಕೊಂಬೆಯ ಕಡೆ ನೀರು ಸೋರದಂತೆ, ರೋಗಾಣು ನುಗ್ಗದಂತೆ ಒಂದು ರಕ್ಷಣಾ ಪದರ ಬೆಳೆಯುತ್ತದೆ.

ಇಷ್ಟೆಲ್ಲ ಮಾಡಲು ಜೀವ ಇರಬೇಕು, ಅಲ್ವಾ? ಅದಕ್ಕೇ ಮುರಿದು ನೇತಾಡುವ ಕೊಂಬೆಯಲ್ಲಿ ಎಲೆ ಒಣಗಿ ಕಂದಾದರೂ ಉದುರುವುದಿಲ್ಲ. ಹಸಿರು ಮರದಲ್ಲಿ ಒಂದೇ ಒಂದು ಕೊಂಬೆ ಒಣ ಎಲೆ ಹೊತ್ತು ನಿಂತಿದ್ದರೆ, ಅದು ದಿಢೀರನೆ ಸತ್ತಿದೆ ಎಂದೇ ನಾನು ಮೊದಲು ಅನುಮಾನಪಡುತ್ತೇನೆ. ಓಕ್, ಬೀಚ್ ಮರಗಳ ಮಾತು ಬೇರೆ. ಅವುಗಳ ಎಳೆಯ ಮರಗಳು ಚಳಿಗಾಲದುದ್ದಕ್ಕೂ ಒಣ ಎಲೆ ಬಿಡದಿದ್ದರೂ ಕೊಂಬೆ ಬದುಕಿಯೇ ಇರುತ್ತದೆ.

ಇನ್ನು ತೊಟ್ಟಿನ ಕಟ್ಟಡ. ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ಭೂತಗನ್ನಡಿಯಲ್ಲಿ ನೋಡಿ. ಬಹಳ ಗಿಡಗಳಲ್ಲಿ ಮೇಲ್ಬದಿಗೆ ಉದ್ದಕ್ಕೂ ತಗ್ಗು ಇರುತ್ತದೆ. ನೀರು, ಆಹಾರ ಸಾಗಿಸುವ ನಾಳಗಳು ಅರ್ಧಚಂದ್ರದ ಆಕಾರದಲ್ಲಿ ಕೂತಿರುತ್ತವೆ. ಈ ಆಕಾರದಿಂದಾಗಿ ತೊಟ್ಟು ಎಲೆಯ ಭಾರಕ್ಕೆ ಸುಲಭವಾಗಿ ಬಾಗುವುದಿಲ್ಲ, ಆದರೆ ಸಲೀಸಾಗಿ ತಿರುಚಿಕೊಳ್ಳುತ್ತದೆ. ಜೋರು ಗಾಳಿಯಲ್ಲಿ ಎಲೆ ಉಳಿಯುವುದು ಹೀಗೆ. ಸ್ಟೀವನ್ ವೋಗೆಲ್ ಎಂಬ ವಿಜ್ಞಾನಿ ಅಗಲ ಎಲೆಗಳನ್ನು ಜೋರು ಗಾಳಿಗೆ ಒಡ್ಡಿ ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ್ದರು. ಗಾಳಿ ಬಲವಾದಾಗ ಹಲವು ಎಲೆಗಳು ಶಂಕುವಿನಂತೆ ಸುರುಳಿಯಾಗಿ, ಗಾಳಿಯ ಸೆಳೆತವನ್ನು ತಗ್ಗಿಸಿಕೊಂಡವು. ಆಸ್ಪೆನ್ ಮರದ ತೊಟ್ಟು ಎರಡೂ ಪಕ್ಕ ಚಪ್ಪಟೆ, ಹಾಗಾಗಿ ಸಣ್ಣ ಗಾಳಿಗೂ ಎಲೆ ಪಟಪಟ ಅಲುಗುತ್ತದೆ. ಆಸ್ಟ್ರೇಲಿಯಾ ಮೂಲದ ಹಲವು ಅಕೇಶಿಯಾಗಳಲ್ಲಂತೂ ನಾವು ಎಲೆ ಅಂದುಕೊಳ್ಳುವುದೇ ಅಗಲವಾದ ತೊಟ್ಟು. ಸಾಮಾನ್ಯವಾಗಿ ಮೊಳಕೆಯೊಡೆದ ಹೊಸತರಲ್ಲಿ ಮಾತ್ರ ಅವಕ್ಕೆ ನಿಜವಾದ ಎಲೆಗಳಿರುತ್ತವೆ.

ತೊಟ್ಟಿನ ಕಂಕುಳಲ್ಲೇ, ಅಂದರೆ ಅದು ಕೊಂಬೆಗೆ ಸೇರುವ ಸಂದಿಯಲ್ಲೇ, ಮೊಗ್ಗು ಇರುವುದರಿಂದ ಕಸಿಕಡ್ಡಿ (ಕಣ್ಣುಗಳಿರುವ ಕಡ್ಡಿ) ತೆಗೆಯುವಾಗ ಎಲೆಯನ್ನು ಎಳೆದು ಕೀಳಬೇಡಿ. ಹಸಿ ತೊಟ್ಟಿನ ಜೊತೆ ತೊಗಟೆ ಸೀಳಿ ಕಣ್ಣೂ ಹಾಳಾಗುತ್ತದೆ. ನೀರು ಆರದಂತೆ ಎಲೆಯನ್ನು ಕೂಡಲೇ ಕತ್ತರಿಸಿ, ಸುಮಾರು 1 ಸೆಂಟಿಮೀಟರ್ ತೊಟ್ಟು ಬಿಡಿ.